ಪೇಟೆಂಟ್ ಅರ್ಜಿ: ಯಂತ್ರವನ್ನು ಮೇಳಕ್ಕೆ ಒಯ್ಯುವ ಮುನ್ನ

ಪೀಣ್ಯದ ಸಣ್ಣ ಕಾರ್ಖಾನೆಯೊಂದು ಅಡಿಕೆ ಸುಲಿಯುವ ಹೊಸ ಯಂತ್ರವನ್ನು ರೂಪಿಸಿದೆ ಎಂದುಕೊಳ್ಳೋಣ. ಅದನ್ನು ಜಿ.ಕೆ.ವಿ.ಕೆ. ಕೃಷಿ ಮೇಳದಲ್ಲಿ ತೋರಿಸಿ, ವಿಡಿಯೊ ಹಂಚಿ, ಬೇಡಿಕೆ ಬಂದ ಮೇಲೆ ಪೇಟೆಂಟಿನ ಯೋಚನೆ ಮಾಡಿದರೆ ಬಹುಮಟ್ಟಿಗೆ ಕಾಲ ಮೀರಿರುತ್ತದೆ. ಅರ್ಜಿಗೆ ಮೊದಲೇ ಬಹಿರಂಗವಾದ ಆವಿಷ್ಕಾರವನ್ನು 1970ರ ಪೇಟೆಂಟ್ ಕಾಯ್ದೆಯು ಸಾಮಾನ್ಯವಾಗಿ ಹೊಸತೆಂದು ಪರಿಗಣಿಸುವುದಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಪ್ರದರ್ಶನಗಳಿಗೆ 31ನೇ ಕಲಂ ಕೊಡುವ ವಿನಾಯಿತಿಯನ್ನು ನೆಚ್ಚಿ ಕೂರುವುದು ಜಾಣತನವಲ್ಲ.

ಮೊದಲು 3ನೇ ಕಲಂ ಓದಿಕೊಳ್ಳಿ. ಬರಿಯ ಕಂಪ್ಯೂಟರ್ ಪ್ರೋಗ್ರಾಂ, ಕೃಷಿ ವಿಧಾನ, ಪಾರಂಪರಿಕ ಜ್ಞಾನ, ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಬೇರೆಯಾಗಿ ಕೆಲಸ ಮಾಡುವ ಹಳೆಯ ಉಪಕರಣಗಳ ಮರುಜೋಡಣೆ ಇವೆಲ್ಲ ಅಲ್ಲಿ ಪೇಟೆಂಟಿನಿಂದ ಹೊರಗುಳಿದಿವೆ.

ಯಂತ್ರದ ಕೆಲಸ ಇನ್ನೂ ಬಾಕಿಯಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ದಿನಾಂಕವನ್ನು ಕಾಯ್ದಿರಿಸಿಕೊಳ್ಳಬಹುದು. ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ. ಕರ್ನಾಟಕವು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿದ್ದರೂ ಆನ್‌ಲೈನ್‌ನಲ್ಲೇ ಅರ್ಜಿ ಸಲ್ಲಿಸಬಹುದಾದ್ದರಿಂದ ಬೆಂಗಳೂರು ಬಿಟ್ಟು ಹೋಗಬೇಕಾಗಿಲ್ಲ. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ ಆರಂಭಿಕ ಶುಲ್ಕ 1,600 ರೂಪಾಯಿ.

ಹೆಚ್ಚು ಶ್ರಮ ಬೇಡುವುದು ಕ್ಲೇಮುಗಳು, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯಗಳು, ಏಕೆಂದರೆ ಹಕ್ಕಿನ ಗಡಿಯನ್ನು ಎಳೆಯುವುದು ಅವೇ. 'ಅಡಿಕೆಯನ್ನು ಬೇಗ ಸುಲಿಯುವ ಯಂತ್ರ' ಎಂದರೆ ಅದು ಬಯಕೆಯಷ್ಟೇ. 'ಎದುರುಬದುರು ತಿರುಗುವ ಎರಡು ರೋಲರುಗಳು, ಕಾಯಿಯ ಗಾತ್ರಕ್ಕೆ ತಕ್ಕಂತೆ ಅವುಗಳ ನಡುವಿನ ಅಂತರವನ್ನು ತಾನಾಗಿ ಹಿಗ್ಗಿಸುವ ಸ್ಪ್ರಿಂಗ್ ತೋಳು' ಎಂದು ಬರೆದಾಗ ಮಾತ್ರ ಪೇಟೆಂಟ್ ಕಚೇರಿಯ ಪರೀಕ್ಷಕರಿಗೆ ತೂಗಿ ನೋಡಲು ಏನಾದರೂ ಸಿಗುತ್ತದೆ. ಗುಟ್ಟನ್ನು ಉಳಿಸಿಕೊಂಡು ಹಕ್ಕನ್ನು ಕೇಳುವಂತಿಲ್ಲ. ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನು ವಿವರಣೆಯಲ್ಲಿ ಹೇಳಲೇಬೇಕೆಂದು 10ನೇ ಕಲಂ ವಿಧಿಸುತ್ತದೆ. ಈ ಕರಾರು ನ್ಯಾಯವಾದದ್ದೆಂದೇ ನನ್ನ ಭಾವನೆ, ಏಕೆಂದರೆ ಅವಧಿ ಮುಗಿದ ಮೇಲೆ ಆ ಜ್ಞಾನ ಎಲ್ಲರ ಕೈಗೂ ಬರುತ್ತದೆ.

ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ, ಆದರೆ ಪರೀಕ್ಷೆ ತಾನಾಗಿ ಆರಂಭವಾಗುವುದಿಲ್ಲ. 2024ರ ತಿದ್ದುಪಡಿ ನಿಯಮಗಳ ಬಳಿಕದ ಅರ್ಜಿಗಳಲ್ಲಿ ಪರೀಕ್ಷೆಯ ಕೋರಿಕೆಯನ್ನು 31 ತಿಂಗಳೊಳಗೆ 18ನೇ ನಮೂನೆಯಲ್ಲಿ ಸಲ್ಲಿಸಬೇಕು; ಮೊದಲಿದ್ದ 48 ತಿಂಗಳ ಲೆಕ್ಕವನ್ನು ನಂಬಿ ಕೂತವರು ಅರ್ಜಿಯನ್ನೇ ಕಳೆದುಕೊಳ್ಳುತ್ತಾರೆ. ಪರೀಕ್ಷಾ ವರದಿಯ ಆಕ್ಷೇಪಗಳಿಗೆ ಉತ್ತರಿಸಲು 6 ತಿಂಗಳು, ಕೇಳಿಕೊಂಡರೆ ಇನ್ನೂ 3 ತಿಂಗಳು. ವಿದೇಶದಲ್ಲೇ ಮೊದಲು ಅರ್ಜಿ ಹಾಕುವ ಉದ್ದೇಶವಿದ್ದರೆ 39ನೇ ಕಲಂ ಪ್ರಕಾರ ಪೂರ್ವಾನುಮತಿ ಬೇಕು.

ಮಂಜೂರಾದ ಪೇಟೆಂಟಿನ ಅವಧಿ ಅರ್ಜಿಯ ದಿನಾಂಕದಿಂದ 20 ವರ್ಷ. ನಿಮ್ಮ ಅನುಮತಿಯಿಲ್ಲದೆ ಆ ಯಂತ್ರವನ್ನು ಇತರರು ತಯಾರಿಸದಂತೆ, ಬಳಸದಂತೆ, ಮಾರದಂತೆ, ಆಮದು ಮಾಡದಂತೆ ತಡೆಯುವ ಹಕ್ಕನ್ನು 48ನೇ ಕಲಂ ಕೊಡುತ್ತದೆ. ಪ್ರತಿಯಾಗಿ ನವೀಕರಣ ಶುಲ್ಕ ಕಟ್ಟುತ್ತಿರಬೇಕು, ಪೇಟೆಂಟ್ ದೇಶದಲ್ಲಿ ಬಳಕೆಯಲ್ಲಿದೆಯೇ ಎಂಬುದನ್ನು 27ನೇ ನಮೂನೆಯಲ್ಲಿ ಮೂರು ಆರ್ಥಿಕ ವರ್ಷಗಳಿಗೊಮ್ಮೆ ತಿಳಿಸಬೇಕು. ಬಳಸದೆ ಕಟ್ಟಿಟ್ಟರೆ, ಮಂಜೂರಾಗಿ ಮೂರು ವರ್ಷಗಳಾದ ಮೇಲೆ ಬೇರೆಯವರು ಕಡ್ಡಾಯ ಪರವಾನಗಿ, ಅಂದರೆ ನಿಮ್ಮ ಒಪ್ಪಿಗೆಯಿಲ್ಲದೆಯೂ ಆವಿಷ್ಕಾರವನ್ನು ಬಳಸುವ ಅನುಮತಿ, ಕೋರಬಹುದು.