ಕಾಲಂ ಅಳತೆ ಶೆಡ್ಯೂಲ್‌ಗೆ ತಾನಾಗಿಯೇ ಬರಲಿ

ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಮನೆಯ ಮಾಡೆಲ್ ಮುಗಿಸಿ, ಕಾಲಂ ಶೆಡ್ಯೂಲ್ (ಕಾಲಂಗಳ ಅಳತೆ, ಲೆಕ್ಕದ ಪಟ್ಟಿ) ತೆಗೆಯಲು ಕೂತಿದ್ದೀರಿ. ವ್ಯೂ ಟ್ಯಾಬ್‌ನಲ್ಲಿ ‘ಶೆಡ್ಯೂಲ್/ಕ್ವಾಂಟಿಟೀಸ್’ ಒತ್ತಿ, ‘ಸ್ಟ್ರಕ್ಚರಲ್ ಕಾಲಮ್ಸ್’ ಆರಿಸಿದ್ದಾಯಿತು. ಟೈಪ್, ಲೆಂಗ್ತ್, ವಾಲ್ಯೂಮ್, ಕೌಂಟ್ ಎಲ್ಲ ಸಿಕ್ಕವು. ಆದರೆ ಕಾಲಂನ ವಿಡ್ತ್, ಡೆಪ್ತ್ ಮಾತ್ರ ಎಷ್ಟು ಹುಡುಕಿದರೂ ಪಟ್ಟಿಯಲ್ಲಿಲ್ಲ. ಬಾಗಿಲು, ಕಿಟಕಿಗೆ ಸಲೀಸಾಗಿ ಸಿಗುವುದು ಇಲ್ಲೇಕೆ ಸಿಗುವುದಿಲ್ಲ?

ಬಾಗಿಲಿನ ವಿಡ್ತ್, ಹೈಟ್ ರೆವಿಟ್ ತಾನೇ ಇಟ್ಟಿರುವ ಪ್ಯಾರಾಮೀಟರ್‌ಗಳು, ಅಂದರೆ ಅಳತೆ ತುಂಬುವ ಜಾಗಗಳು. ಕಾಂಕ್ರೀಟ್ ಕಾಲಂನ ‘ಬಿ’ (ವಿಡ್ತ್), ‘ಎಚ್’ (ಡೆಪ್ತ್) ಹಾಗಲ್ಲ. ಬಹಳಷ್ಟು ಸಲ ಅವು ಕಾಲಂ ಫ್ಯಾಮಿಲಿ (ಕಾಲಂನ ಮೂಲ ಅಚ್ಚು) ಮಾಡಿದವರು ಅದರೊಳಗೇ ಸೇರಿಸಿದ ಫ್ಯಾಮಿಲಿ ಪ್ಯಾರಾಮೀಟರ್‌ಗಳು. ಅಂಥವು ಕಾಲಂ ಆಕಾರವನ್ನು ಬದಲಿಸುತ್ತವೆ, ಶೆಡ್ಯೂಲ್‌ಗೆ ಮಾತ್ರ ಬರುವುದಿಲ್ಲ.

ಹೆಚ್ಚಿನವರು ಇಲ್ಲಿ ಟೈಪ್ ಹೆಸರಿನಲ್ಲೇ ಅಳತೆ ಇದೆಯಲ್ಲ, ಸಾಕು ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ ನಾಲ್ಕು ಕಾಲಂಗಳ ಡೆಪ್ತ್ 450ರಿಂದ 600 ಮಿ.ಮೀ.ಗೆ ಹೋಯಿತು. ಮಾಡೆಲ್ ಸರಿಯಾಗಿತ್ತು, ಟೈಪ್ ಹೆಸರು ಮಾತ್ರ ‘230 × 450’ ಎಂದೇ ಉಳಿದಿತ್ತು. ಶೆಡ್ಯೂಲ್ ನೋಡಿ ಸೆಂಟ್ರಿಂಗ್‌ನವರು (ಕಾಂಕ್ರೀಟ್ ಸುರಿಯುವ ಪೆಟ್ಟಿಗೆ ಮಾಡುವವರು) ಹಲಗೆ ಕೊಯ್ದುಬಿಟ್ಟರು. ಬಾರ್ ಬೆಂಡರ್ ಕಟ್ಟಿದ ಕಂಬಿಯ ರಿಂಗ್ ಪೆಟ್ಟಿಗೆಯೊಳಗೆ ಕೂರದಿದ್ದಾಗಲೇ ಎಲ್ಲರಿಗೂ ಗೊತ್ತಾಗಿದ್ದು. ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಆ 450 ಇನ್ನೂ ನನ್ನ ಕಣ್ಣ ಮುಂದಿದೆ. ಹೆಸರು ಬರೀ ಅಕ್ಷರ. ಶೆಡ್ಯೂಲ್‌ನ ಸಂಖ್ಯೆ ಮಾಡೆಲ್‌ನಿಂದಲೇ ಬರಬೇಕು.

ಅದಕ್ಕಿರುವ ದಾರಿ ಶೇರ್ಡ್ ಪ್ಯಾರಾಮೀಟರ್, ಅಂದರೆ ಫ್ಯಾಮಿಲಿಯ ಹೊರಗೆ ಬೇರೆ ಫೈಲ್‌ನಲ್ಲಿಟ್ಟು ಫ್ಯಾಮಿಲಿ, ಶೆಡ್ಯೂಲ್ ಎರಡಕ್ಕೂ ಬಳಸುವ ಪ್ಯಾರಾಮೀಟರ್. ಮ್ಯಾನೇಜ್ ಟ್ಯಾಬ್‌ನಲ್ಲಿ ‘ಶೇರ್ಡ್ ಪ್ಯಾರಾಮೀಟರ್ಸ್’ ತೆರೆದು ಒಂದು ಹೊಸ ಫೈಲ್ ಮಾಡಿ. ಅದು ಸಾದಾ ಟೆಕ್ಸ್ಟ್ ಫೈಲ್. ಒಂದು ಗ್ರೂಪ್ ಮಾಡಿ, ಅದರಲ್ಲಿ ‘ಕಾಲಂ ವಿಡ್ತ್’, ‘ಕಾಲಂ ಡೆಪ್ತ್’ ಸೇರಿಸಿ. ಹೆಸರಿನಲ್ಲಿ ಅಡ್ಡಗೆರೆ ಬೇಡ. ಸೂತ್ರ ಬರೆಯುವಾಗ ಅದು ಮೈನಸ್ ಜೊತೆ ಗೊಂದಲವಾಗುತ್ತದೆ. ಡೇಟಾ ಟೈಪ್ (ಹಳೇ ರೆವಿಟ್‌ನಲ್ಲಿ ‘ಟೈಪ್ ಆಫ್ ಪ್ಯಾರಾಮೀಟರ್’) ಸಾಮಾನ್ಯವಾಗಿ ‘ಲೆಂಗ್ತ್’. ಆದರೂ ಹಳೇ ‘ಬಿ’ ಯಾವ ಬಗೆಯದ್ದು ಎಂದು ಮೊದಲೇ ನೋಡಿಕೊಳ್ಳಿ. ಎರಡರ ಬಗೆ ಹೊಂದದಿದ್ದರೆ ‘ಬಿ’ ಜಾಗಕ್ಕೆ ಹೊಸದನ್ನು ತರಲು ಆಗುವುದಿಲ್ಲ.

ಈ ಫೈಲ್ ಆಫೀಸಿನಲ್ಲಿ ಎಲ್ಲರಿಗೂ ಸಿಗುವ ಒಂದೇ ಜಾಗದಲ್ಲಿರಲಿ. ಪ್ರತಿ ಶೇರ್ಡ್ ಪ್ಯಾರಾಮೀಟರ್‌ಗೂ ಒಳಗೊಂದು ಗುರುತಿನ ಸಂಖ್ಯೆ ಇರುತ್ತದೆ. ಪಕ್ಕದ ಸೀಟಿನವರು ಅದೇ ಹೆಸರಿನಲ್ಲಿ ಬೇರೆ ಪ್ಯಾರಾಮೀಟರ್ ಮಾಡಿದರೆ ರೆವಿಟ್‌ಗೆ ಅದು ಬೇರೆಯದ್ದೇ. ಆಗ ಶೆಡ್ಯೂಲ್‌ನ ಕೆಲವು ಸಾಲುಗಳಲ್ಲಿ ಅಳತೆ ಖಾಲಿ ಬರುತ್ತದೆ. ಎಲ್ಲಿ ತಪ್ಪಿದೆ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಈಗ ಒಂದು ಕಾಲಂ ಆರಿಸಿ ‘ಎಡಿಟ್ ಫ್ಯಾಮಿಲಿ’ ಕೊಡಿ. ‘ಫ್ಯಾಮಿಲಿ ಟೈಪ್ಸ್’ ತೆರೆದು ‘ಬಿ’ ಮೇಲೆ ಕ್ಲಿಕ್ ಮಾಡಿ, ಪೆನ್ಸಿಲ್ ಗುರುತು ಒತ್ತಿ. ‘ಶೇರ್ಡ್ ಪ್ಯಾರಾಮೀಟರ್’ ಆರಿಸಿ, ನಿಮ್ಮ ‘ಕಾಲಂ ವಿಡ್ತ್’ ಕೊಡಿ. ‘ಎಚ್’ಗೂ ಇದೇ ಕೆಲಸ. ಹಳೆಯದನ್ನು ಅಳಿಸಿ ಹೊಸದಾಗಿ ಲೇಬಲ್ ಹಾಕುವ ಅಗತ್ಯವೇ ಇಲ್ಲ. ನಂತರ ಪ್ರಾಜೆಕ್ಟ್‌ಗೆ ಲೋಡ್ ಮಾಡಿ. ಲೋಡ್ ಆದ ಮೇಲೆ ‘ಎಡಿಟ್ ಟೈಪ್’ನಲ್ಲಿ ಪ್ರತಿ ಟೈಪ್‌ನ ಅಳತೆ ಒಮ್ಮೆ ನೋಡಿ. ಸುಮ್ನೆ ನಂಬಬೇಡಿ.

ಶೆಡ್ಯೂಲ್‌ನ ಫೀಲ್ಡ್ಸ್‌ಗೆ ಹೋದರೆ ಎರಡೂ ಹೆಸರು ಕಾದಿರುತ್ತವೆ. ಸೇರಿಸಿ. ಸಾರ್ಟಿಂಗ್‌ನಲ್ಲಿ ಟೈಪ್, ಅದರ ಕೆಳಗೆ ಲೆಂಗ್ತ್ ಕೊಟ್ಟು ‘ಐಟಮೈಸ್ ಎವ್ರಿ ಇನ್‌ಸ್ಟನ್ಸ್’ ಟಿಕ್ ತೆಗೆಯಿರಿ. ಒಂದೇ ಅಳತೆಯ ಕಾಲಂಗಳು ಒಂದೇ ಸಾಲಿಗೆ ಬರುತ್ತವೆ. ಲೆಂಗ್ತ್ ಮರೆತರೆ, ಎತ್ತರ ಬೇರೆ ಬೇರೆ ಇರುವ ಸಾಲಿನಲ್ಲಿ ಅದರ ಸಂಖ್ಯೆ ಕಾಣುವುದಿಲ್ಲ.

ಅಳತೆ ಬಂದ ಮೇಲೆ ಸೆಂಟ್ರಿಂಗ್ ಲೆಕ್ಕವೂ (ಎಷ್ಟು ಚದರ ಮೀಟರ್ ಹಲಗೆ ಬೇಕು ಎಂಬುದು) ಸುಲಭ. ಕ್ಯಾಲ್ಕುಲೇಟೆಡ್ ಪ್ಯಾರಾಮೀಟರ್ ಸೇರಿಸಿ, ಬಗೆ ‘ಏರಿಯಾ’ ಎಂದಿರಲಿ. ಸೂತ್ರ: 2 * (ಕಾಲಂ ವಿಡ್ತ್ + ಕಾಲಂ ಡೆಪ್ತ್) * ಲೆಂಗ್ತ್. 230 × 450ರ, 3 ಮೀಟರ್ ಎತ್ತರದ ಒಂದು ಕಾಲಂಗೆ 4.08 ಚದರ ಮೀಟರ್ ಬರಬೇಕು. ಬೀಮ್ ಬಂದು ಸೇರುವ ಜಾಗವನ್ನು ಈ ಸೂತ್ರ ಕಳೆಯುವುದಿಲ್ಲ, ಅದನ್ನು ನೀವೇ ಕಳೆಯಬೇಕು.

ಕೊನೆಗೊಂದು ಪರೀಕ್ಷೆ. ‘ಐಟಮೈಸ್’ ಟಿಕ್ ವಾಪಸ್ ಹಾಕಿ, ಶೆಡ್ಯೂಲ್ ಪಕ್ಕದಲ್ಲೇ ಇಟ್ಟುಕೊಂಡು ಆ 230 × 450 ಟೈಪ್‌ನ ಡೆಪ್ತ್ 600 ಮಾಡಿ. ಆ ಕಾಲಂ ಸಾಲಿನಲ್ಲಿ 4.08 ಇದ್ದದ್ದು 4.98 ಆಯಿತಾ? ಕೆಲಸ ಸರಿಯಾಗಿದೆ. ಈಗ ಅನ್‌ಡೂ ಒತ್ತಿ.