ಧಕ್ಕೆಗೆ ನಡೆದು, ಉರಣದಿಂದ ರೈಲು

ನನ್ನ ಅಜ್ಜ ಮಂಗಳೂರಿನಿಂದ ಹಡಗು ಹತ್ತಿ ಬಂದು ಇಳಿದದ್ದು ಮುಂಬಯಿಯ ಭಾವುಚಾ ಧಕ್ಕೆ ಎಂಬ ದೋಣಿಕಟ್ಟೆಯಲ್ಲಿ. ಇದೇ ಊರಲ್ಲಿ ಮೂವತ್ತು ವರ್ಷ ಕಳೆದರೂ ನಾನು ಅದನ್ನು ನೋಡಿರಲಿಲ್ಲ. ಕಡಲು ಅಂದರೆ ನಮಗೆ ಚೌಪಾಟಿ, ಜುಹು ಅಷ್ಟೇ ಅಲ್ವಾ? ಪೂರ್ವದ ಕಡಲು ಬಂದರಿನ ಗೋಡೆಯ ಹಿಂದೆಯೇ ಉಳಿದುಬಿಟ್ಟಿದೆ. 1989ರಲ್ಲಿ ಎದುರು ದಡದ ನ್ಹಾವಾ ಶೇವಾ ಬಂದರು ಶುರುವಾಯಿತು. ಕಂಟೇನರ್ ಕೆಲಸ ನಿಧಾನಕ್ಕೆ ಆಚೆಗೆ ಹೋಯಿತು. ಈಗ ಈ ಹಳೇ ಬಂದರಿನ ಜಾಗಕ್ಕೆ ಮರೀನಾ (ವಿಹಾರದೋಣಿಗಳ ನಿಲ್ದಾಣ), ಮಾಲ್ ಅಂತ ಯೋಜನೆಗಳ ಮೇಲೆ ಯೋಜನೆ. ಆದರೆ ಜನ ಓಡಾಡದ ಜಾಗ ಜನರದ್ದು ಹೇಗಾಗುತ್ತದೆ? ಅದಕ್ಕೇ ಭಾನುವಾರಗಳಲ್ಲಿ ನಮ್ಮ ಕನ್ನಡದವರನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಶುರುಮಾಡಿದೆ. ಷರತ್ತು ಒಂದೇ, ಕಾರು ಬೇಡ.

ಲೋಕಲ್ ರೈಲಿನ ಹಾರ್ಬರ್ ಲೈನಿನಲ್ಲಿ ಬಂದು ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಲ್ಲಿ ಇಳಿಯುತ್ತೇವೆ. ಪಿ. ಡಿಮೆಲ್ಲೋ ರಸ್ತೆಯಲ್ಲಿ ಎರಡು ನಿಮಿಷ ನಿಲ್ಲಿಸಿ 1944ರ ಏಪ್ರಿಲ್ 14ರ ಕಥೆ ಹೇಳುತ್ತೇನೆ. ವಿಕ್ಟೋರಿಯಾ ಡಾಕಿನಲ್ಲಿ ಹತ್ತಿ, ಮದ್ದುಗುಂಡು ಎರಡನ್ನೂ ತುಂಬಿಕೊಂಡಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದ ದಿನ ಅದು. ಆಮೇಲೆ ಧಕ್ಕೆ, ಅಲ್ಲಿಂದ ಎದುರು ದಡದ ಉರಣದ ಮೋರಾ ಕಟ್ಟೆಗೆ ಲಾಂಚ್, ಅಂದರೆ ಮೋಟಾರು ದೋಣಿ. ಮೋರಾದಿಂದ ಆಟೋದಲ್ಲಿ ಉರಣ ಸ್ಟೇಷನ್. 2024ರ ಜನವರಿಯಲ್ಲಿ ಅಲ್ಲಿಗೆ ಲೋಕಲ್ ಬಂದದ್ದರಿಂದಲೇ ಈ ಸುತ್ತು ಸಾಧ್ಯವಾಯಿತು. ನೆರೂಳಿನಲ್ಲಿ ಗಾಡಿ ಬದಲಿಸಿದರೆ ಮತ್ತೆ ಹಾರ್ಬರ್ ಲೈನ್.

ಮೊದಲ ಸಲ ನಾನೊಂದು ತಪ್ಪು ಮಾಡಿದೆ. ಉಬ್ಬರ ಇಳಿತದ ಹೊತ್ತು ನೋಡಿರಲಿಲ್ಲ. ಮೋರಾ ಕಡೆ ಹೂಳು ಜಾಸ್ತಿ, ನೀರು ಇಳಿದರೆ ಲಾಂಚ್ ದಡ ಮುಟ್ಟುವುದಿಲ್ಲ. ಹನ್ನೊಂದು ಜನ ಧಕ್ಕೆಯಲ್ಲೇ ಎರಡು ಗಂಟೆ ಕೂತೆವು. ಕಟ್ಟಿದ್ದ ದೋಣಿಗಳು ಸ್ವಲ್ಪ ಸ್ವಲ್ಪವೇ ಕೆಳಗಿಳಿದವು. ಹಾಸುಗಲ್ಲಿನ ಒದ್ದೆ ಪಾಚಿ ಮೆಟ್ಟಿಲು ಮೆಟ್ಟಿಲಾಗಿ ಹೊರಬಂತು. ಪಕ್ಕದ ಮನೆಯ ಅಕ್ಕ, ಎಪ್ಪತ್ತು ದಾಟಿದವರು, ಮೀನಿನ ಬುಟ್ಟಿಯ ಹೆಂಗಸಿನ ಹತ್ತಿರ ಬಂಗುಡೆ ರೇಟು ಕೇಳುತ್ತಾ ಕೂತರು. "ನಮ್ಮ ಊರಿನ ದಕ್ಕೆಯ ವಾಸನೆಯೇ ಮಾರಾಯಾ" ಅಂದರು. ಬೇಸರ ಅವರಿಗಿರಲಿಲ್ಲ, ನನಗಿತ್ತು. ಈಗ ಉಬ್ಬರದ ಹೊತ್ತು ನೋಡಿಯೇ ದಿನ ಗೊತ್ತುಮಾಡುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಳಿತ ಇನ್ನೂ ಜೋರು, ಆಗ ಎಚ್ಚರ ಹೆಚ್ಚು ಬೇಕು.

ಇಡೀ ಸುತ್ತಿನಲ್ಲಿ ಅಕ್ಕನಿಗೆ ಕಷ್ಟವಾದದ್ದು ಕಡಲಲ್ಲ, ಸ್ಟೇಷನ್‌ನಿಂದ ಧಕ್ಕೆಯವರೆಗಿನ ದಾರಿ. ನಿಂತ ಲಾರಿಗಳ ನಡುವೆ ಕೈಹಿಡಿದು ದಾಟಿಸಬೇಕಾಯಿತು. ಮರೀನಾ, ಮಾಲ್ ಆಮೇಲೆ ಬರಲಿ. ಮೊದಲು ಅಷ್ಟು ದೂರಕ್ಕೆ ನೆರಳಿರುವ ಒಂದು ಫುಟ್‌ಪಾತ್ ಕೊಡಿ.