ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಕ್ಲಚ್ ನೋಡಿ

ಗಾಡಿ ಎಳೀತಿಲ್ಲ, ಗೇರ್ ಸರಿಯಾಗಿ ಬೀಳ್ತಿಲ್ಲ ಅಂದ ತಕ್ಷಣ ಗೇರ್‌ಬಾಕ್ಸ್ ಇಳಿಸೋಕೆ ಒಪ್ಪಬೇಡಿ. ಬೆಂಗಳೂರಿನ ಟ್ರಾಫಿಕ್ಕಲ್ಲಿ ದಿನಾ ಓಡುವ ಮ್ಯಾನುಯಲ್ ಕಾರಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್. ಅದನ್ನು ನೀವೇ ನೋಡಬಹುದು.

ಸಮತಟ್ಟಾದ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಬಲಗಾಲು ಬ್ರೇಕ್ ಮೇಲಿರಲಿ. ಎಂಜಿನ್ ಆನ್ ಇರುವಾಗಲೇ ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡುತ್ತಾ ಬನ್ನಿ. ಎಂಜಿನ್ ನಡುಗಿ ಗಕ್ಕನೆ ಆಫ್ ಆದರೆ ಪ್ಲೇಟಿಗೆ ಹಿಡಿತ ಇದೆ. ಕ್ಲಚ್ ಪೂರ್ತಿ ಬಿಟ್ಟರೂ ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ ಅಂತ ಅರ್ಥ, ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಮಾಡಬೇಡಿ, ಸುಮ್ನೆ ಪ್ಲೇಟ್ ಸುಡುತ್ತೆ. ರಸ್ತೆಯಲ್ಲಾದರೆ ಏರು ಹತ್ತುವಾಗ ಗೊತ್ತಾಗುತ್ತೆ: ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತೆ, ಸ್ಪೀಡ್ ಮಾತ್ರ ಅಲ್ಲೇ ಇರುತ್ತೆ, ಜೊತೆಗೆ ಸುಟ್ಟ ವಾಸನೆ.

ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಆನ್ ಮಾಡಿದ ಮೇಲೆ ಬಿಗಿಯಾದರೆ, ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಎಂಜಿನ್ನಿಂದ ಪೂರ್ತಿ ಬೇರೆಯಾಗುತ್ತಿಲ್ಲ ಅಂತ ಅರ್ಥ. ಕೇಬಲ್ ಇಲ್ಲವೇ ಕ್ಲಚ್ ಆಯಿಲ್ ಚೆಕ್ ಮಾಡಿಸಿ. ಒಂದೇ ಒಂದು ಗೇರ್ ಮಾತ್ರ, ಉದಾಹರಣೆಗೆ ಎರಡನೆಯದು, ಕರಕರ ಅಂತಿದ್ದರೆ ಆಗ ಗೇರ್‌ಬಾಕ್ಸ್ ಮೇಲೇ ಅನುಮಾನ ಪಡಿ.

ಆಟೋಮ್ಯಾಟಿಕ್ ತಗೊಂಡ್ರೆ ಕ್ಲಚ್ ಚಿಂತೆಯೇ ಇಲ್ಲ ಅಂತ ಹೇಳ್ತಾರಲ್ವಾ, ಎಎಂಟಿ (ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ವಿಷಯದಲ್ಲಿ ಅದು ನಿಜವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಜೊತೆ ನಮ್ಮಲ್ಲಿಗೆ ಬಂದ ಈ ವ್ಯವಸ್ಥೆಯ ಒಳಗಿರುವುದು ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್; ನಿಮ್ಮ ಎಡಗಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತೆ ಅಷ್ಟೇ. ಫ್ಲೈಓವರ್ ಏರಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಕೊಂಡೇ ಕಾರು ನಿಲ್ಲಿಸಿಕೊಂಡರೆ ಪ್ಲೇಟ್ ಬೇಗ ಹೋಗುತ್ತೆ. ದಯವಿಟ್ಟು ಬ್ರೇಕ್ ಒತ್ತಿ. ದುಡ್ಡಿಗೆ ಅನುಕೂಲ ಇದ್ದು, ಸಿಟಿ ಓಡಾಟವೇ ಜಾಸ್ತಿ ಇದ್ದರೆ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಕಾರೇ ನನಗೆ ಇಷ್ಟ. ಅದರಲ್ಲಿ ಕ್ಲಚ್ ಪ್ಲೇಟಿನ ಬದಲು ಆಯಿಲೇ ಎಂಜಿನ್ ಶಕ್ತಿ ದಾಟಿಸಿ ಗಾಡಿ ಹೊರಡಿಸುತ್ತೆ, ಹಾಗಾಗಿ ಕಂಪನಿ ಹೇಳಿದ ಆಯಿಲನ್ನೇ, ಹೇಳಿದ ಹೊತ್ತಿಗೆ ಬದಲಿಸಿ.

ಘಾಟಿ ಇಳಿಯುವಾಗ ಮಾತ್ರ ಯಾವ ಕಾರಾದರೂ ಒಂದೇ ನಿಯಮ. ಆಗುಂಬೆಯಂಥ ಕಡೆ ಮ್ಯಾನುಯಲ್‌ನಲ್ಲಿ ಎರಡನೇ ಗೇರ್ ಹಾಕಿ, ಆಟೋಮ್ಯಾಟಿಕ್‌ನಲ್ಲಿ ಲಿವರನ್ನು ಎಂ (ಮ್ಯಾನುಯಲ್) ಗೆ ತಂದು ಕೆಳಗಿನ ಗೇರ್ ಹಾಕಿ, ಅಥವಾ ಎಲ್ (ಲೋ) ಗೆ ತನ್ನಿ. ನ್ಯೂಟ್ರಲ್‌ಗೆ ಹಾಕಲೇಬೇಡಿ. ಎಂಜಿನ್ ಹಿಡಿತ ತಪ್ಪಿ, ಪೂರ್ತಿ ಭಾರ ಬ್ರೇಕ್ ಮೇಲೆ ಬಿದ್ದು, ಕಾದ ಬ್ರೇಕ್ ಹಿಡಿಯುವುದನ್ನೇ ಬಿಡಬಹುದು.